ಅಣ್ಣನ ರೈಲಿನ ಕೊಂಡಿಗಳು

ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಈಗಲೂ ಅರಸೀಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಊರಿಗೆ ಅಗಲ ಹಳಿಯ ಬ್ರಾಡ್‌ಗೇಜ್ ರೈಲು ಬರುತ್ತಿದ್ದ ವರ್ಷ. ಮಾವ ತಂದುಕೊಟ್ಟ ಆಟಿಕೆ ಎಂಜಿನ್ನಿಗೆ ಅಣ್ಣನ ಹಳೆಯ ಬೋಗಿಗಳ ಕೊಂಡಿ ಕೂರುತ್ತಿರಲಿಲ್ಲ. ಹಳೆಯದನ್ನು ಕತ್ತರಿಸಿ, ಹೊಸ ಕೊಂಡಿಯನ್ನು ಕಾಯಿಸಿದ ಸೂಜಿಯಿಂದ ಬೆಸೆಯಬೇಕಿತ್ತು. ಅಣ್ಣನ ಕಾಲಿನ ಬಲ ಹಿಂದಿನ ವರ್ಷವೇ ಹೋಗಿತ್ತು. ಈಗ ಅಕ್ಕಿಕಾಳಿನಷ್ಟು ಸಣ್ಣ ಕೊಂಡಿ ಅವನ ಬೆರಳುಗಳಿಂದ ಮತ್ತೆ ಮತ್ತೆ ಜಾರಿಬಿತ್ತು.

"ಬೇಸಿಗೆ ಕಳೀಲಿ, ಕೈಗೆ ಬಲ ಬತ್ತದೆ ಕಣೋ," ಎಂದರು ಅಪ್ಪ, ಅವನ ಮುಖ ನೋಡದೆ.

ಅಣ್ಣ ಚಿಮಟವನ್ನು ನನ್ನ ಕಡೆ ತಳ್ಳಿದ. "ನೀನೇ ಮಾಡು ಕಣೇ. ನಾನು ಹೇಳ್ಕೊಡ್ತೀನಿ."

ಸಂಜೆಯ ಹೊತ್ತಿಗೆ ಬೋಗಿಗಳೆಲ್ಲ ಕೂಡಿಕೊಂಡು ರೈಲು ಓಡಿತು. ನಾನು ಚಪ್ಪಾಳೆ ತಟ್ಟಿದೆ. ತಟ್ಟಲೆಂದು ಅಣ್ಣನೂ ಕೈಯೆತ್ತಿದ. ಎರಡು ಕೈಗಳೂ ಸೇರುವ ಮೊದಲೇ ಮಡಿಲಿಗೆ ಇಳಿದವು.