ಕೈಗುಣ

ಚನ್ನಾಜಮ್ಮನ ಹೀರೆ ಚಪ್ಪರದಂಥದ್ದು ಕೇರಿಯಲ್ಲಿ ಇನ್ನೊಬ್ಬರ ಹಿತ್ತಲಲ್ಲಿ ಇರಲಿಲ್ಲ. ಹಾಗೆಂದು ಬೀಜ ಕೇಳಿದವರಿಗೆ ಆಕೆ ಎಂದೂ ಇಲ್ಲವೆಂದವಳಲ್ಲ. ಪಕ್ಕದ ಮನೆಯ ಸುನಂದ ಮೂರು ವರ್ಷ ಒಯ್ದು ಊರಿದಳು. ಒಂದೂ ಮೊಳೆಯಲಿಲ್ಲ.

"ಅದೇ ಬೀಜ ನನ್ನ ಹಿತ್ತಲಲ್ಲಿ ಚಪ್ಪರ ತುಂಬೈತೆ. ನಿನ್ನ ಕೈಗುಣ ಸರಿಯಿಲ್ಲ ಕಣವ್ವ," ಎಂದು ಚನ್ನಾಜಮ್ಮ ಪ್ರತಿ ಸಲವೂ ಹೇಳುತ್ತಿದ್ದಳು.

ಈ ಸಲ ತವರಿನಲ್ಲಿ ಬಾಣಂತನ ಮುಗಿಸಿ ಬಂದ ಸುನಂದ ನೇರ ಚನ್ನಾಜಮ್ಮನ ಜಗಲಿಗೇ ಬಂದಳು. ಕಂಕುಳು ಬರಿದಾಗಿತ್ತು.

"ಕೂಸೆಲ್ಲೇ?"

"ಅಕ್ಕನ ಮಡಿಲಿಗೆ ಹಾಕಿ ಬಂದೆ, ದೊಡ್ಡವ್ವ."

"ಹೆತ್ತ ಕೂಸನ್ನ ಯಾರಾದ್ರೂ ಕೊಡ್ತಾರೇನೇ? ತಲೆ ಕೆಟ್ಟೈತಾ ನಿಂಗೆ?"

"ಮೊದಲ್ನೇದು ಹನ್ನೊಂದು ದಿನಕ್ಕೆ ಹೋಯ್ತು. ಒಂದು ಹೀರೆ ಬೀಜ ಮೊಳೆಸದ ಕೈ ಇದು. ಇದರಲ್ಲಿ ಕೂಸು ಬದುಕ್ತದಾ? ನೀನೇ ಹೇಳು."

ಸುನಂದ ಸೆರಗೊಡ್ಡಿದಳು.

"ಇದೊಂದು ಸಲ ಬೀಜ ಕೊಡು, ದೊಡ್ಡವ್ವ. ಒಂದೇ ಒಂದು ಮೊಳೆತರೂ ಸಾಕು, ಅವತ್ತೇ ಹೋಗಿ ಕೂಸನ್ನ ಎತ್ಕೊಂಡು ಬತ್ತೀನಿ."

ಚನ್ನಾಜಮ್ಮ ಎದ್ದು ಒಳಗೆ ಹೋದಳು. ಕೇರಿಯವರಿಗೆ ಹಂಚಬೇಕಾದ ಬೀಜವೆಲ್ಲ, ಪ್ರತಿ ವರ್ಷದಂತೆ, ಒಲೆಯ ಮೇಲಿನ ಬಾಣಲೆಯಲ್ಲಿ ಹುರಿದು ಆರುತ್ತಿತ್ತು.