ಮೀಟರ್ ಬಾಕ್ಸಿನ ಅಳಿಲು

"ಅಪ್ಪಾ, ಮೀಟರ್ ಬಾಕ್ಸಲ್ಲಿದ್ದ ನಾರಿನ ಉಂಡೆ ಎಲ್ಲಿ?" ಎಂದು ರಾಗಿಣಿ ಕೇಳಿದಾಗ ಪದ್ಮನಾಭ ಕೈ ತೊಳೆಯುತ್ತಿದ್ದ. ಆಫೀಸಿಗೆ ರಜೆಯೆಂದು ಬಾಕ್ಸಿನ ಕಸವನ್ನೆಲ್ಲ ಬಳಿದು ಆಗಷ್ಟೇ ಕಸದ ಗಾಡಿಗೆ ಸುರಿದು ಬಂದಿದ್ದ.

"ಗಾಡಿಗೆ ಹಾಕ್ದೆ ಕಣೇ. ಯಾಕೆ?"

"ಅದ್ರಲ್ಲಿ ಅಳಿಲಿನ ಮೂರು ಮರಿ ಇದ್ವು."

"ಮೊದಲೇ ಹೇಳಬಾರದಿತ್ತಾ?"

"ರಿಪೋರ್ಟಲ್ಲಿ ಬರ್ದಿದ್ನಲ್ಲಪ್ಪಾ. ನೀನೇ ಗೀಟು ಹಾಕ್ಬಿಟ್ಟೆ."

ಹೌದು. ಶಾಲೆಗೆಂದು ಮಗಳು ಅಳಿಲಿನ ಬಗ್ಗೆ ಬರೆದ ಮಾಹಿತಿ ವರದಿಯನ್ನು ಹಿಂದಿನ ಸಂಜೆ ಅವನೇ ತಿದ್ದಿದ್ದ. 'ನಮ್ಮ ಮನೆಯ ಮೀಟರ್ ಬಾಕ್ಸಿನಲ್ಲಿ ಅಳಿಲು ಮೂರು ಮರಿ ಹಾಕಿದೆ' ಎಂಬ ಸಾಲಿಗೆ ಕೆಂಪು ಗೀಟೆಳೆದು, "ವರದಿಯಲ್ಲಿ ನಮ್ಮನೆ ಕಥೆ ಬರಬಾರದು ಪುಟ್ಟಿ, ಪುಸ್ತಕದಲ್ಲಿರೋದನ್ನ ಬರಿ" ಎಂದಿದ್ದ. ಸಾಲು ತಪ್ಪೆಂದು ಕಂಡಿತ್ತೇ ಹೊರತು, ಅದು ಏನು ಹೇಳುತ್ತಿದೆ ಎಂಬುದು ತಲೆಗೆ ಹೋಗಿರಲಿಲ್ಲ.

ಬರಿಗಾಲಲ್ಲೇ ಮಾರೇನಹಳ್ಳಿಯ ತಿರುವಿನವರೆಗೂ ಓಡಿದ. ಗಾಡಿ ಹೋಗಿಯಾಗಿತ್ತು. ಹಿಂದಿರುಗಿದಾಗ ತಾಯಿ ಅಳಿಲು ಖಾಲಿ ಬಾಕ್ಸಿನೊಳಗೆ ನುಗ್ಗುತ್ತ, ಹೊರಬರುತ್ತ ಒಂದೇ ಸಮನೆ ಕಿರುಚುತ್ತಿತ್ತು.

ವರದಿಯ ಶುದ್ಧಪ್ರತಿ ಬರೆಯುತ್ತಿದ್ದ ಮಗಳ ಪಕ್ಕ ಅವನು ಮೆಲ್ಲಗೆ ಕುಳಿತ. "ಆ ಸಾಲೂ ಇರ್ಲಿ ಪುಟ್ಟಿ, ಸೇರಿಸ್ಕೊ" ಎಂದ.

ರಾಗಿಣಿ ತಲೆಯೆತ್ತಲಿಲ್ಲ. "ಬೇಡಪ್ಪಾ. ಅದು ಈಗ ನಿಜ ಅಲ್ವಲ್ಲ."