ಸುಮ್ಮನಿದ್ದ ನಕ್ಷತ್ರ

ಪ್ರೊಫೆಸರ್ ಎದ್ದು ಬಂದು ಪ್ರೊಜೆಕ್ಟರಿನ ವೈರನ್ನೇ ಕಿತ್ತುಬಿಟ್ಟರು. ನಕ್ಷತ್ರವೊಂದರ ಬೆಳಕಿನ ಏರಿಳಿತ ತೋರಿಸಲು ವಿದ್ಯಾರ್ಥಿನಿ ಗುರುತಿಸಿದ್ದ ಚುಕ್ಕಿಗಳೆಲ್ಲ ಗೋಡೆಯಿಂದ ಮಾಯವಾದವು.

“ಇಷ್ಟು ವರ್ಷ ಆ ನಕ್ಷತ್ರಾನೇ ಅಳತೆಗೋಲು ಮಾಡ್ಕೊಂಡು ಉಳಿದವುಗಳ ಬೆಳಕು ಅಳೆದಿದ್ದೀನಿ. ಅದು ಕದಲೋದಲ್ಲ. ಕೆಟ್ಟಿರೋದು ನಿನ್ನ ಕ್ಯಾಮರಾ,” ಎಂದರು. ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಾದ ಕೈಯಲ್ಲಿ ವೈರು ನೇತಾಡುತ್ತಿತ್ತು. “ಯಾವತ್ತೂ ‘ಆಯ್ತು ಸಾರ್’ ಅನ್ನೋ ಹುಡುಗಿ! ಇವತ್ತೇನು ಮೈಮೇಲೆ ಬಂದಿದೆ ನಿನಗೆ?” ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

‘ಆಯ್ತು ಸಾರ್’ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡಳು. ಸೀಮೆಸುಣ್ಣ ಎತ್ತಿಕೊಂಡು ಕರಿಹಲಗೆಯ ಮೇಲೆ ನೆನಪಿನಿಂದಲೇ ಚುಕ್ಕಿಯಿಡತೊಡಗಿದಳು.

“ಕ್ಯಾಮರಾ ಬದಲಾಯಿಸಿಯೂ ನೋಡ್ದೆ ಸಾರ್. ಅದು ಇನ್ನೂ ಹುಟ್ಟುತ್ತಿರೋ ನಕ್ಷತ್ರ. ಸುತ್ತ ಕವಿದಿರೋ ಧೂಳನ್ನೇ ತಿಂದು ಬೆಳೀತಿದೆ. ಅಂಥವು ವರ್ಷಗಟ್ಟಲೆ ತೆಪ್ಪಗಿದ್ದು ಒಂದಿನ ಭುಗಿಲ್ ಅಂತಾವೆ. ಸುಮ್ಮನಿದೆ ಅಂತ ನೀವು ಸ್ಥಿರ ಅಂದ್ಕೊಂಡ್ರಿ, ಅಷ್ಟೆ.”

“ಸಾಕು, ಕೂತ್ಕೋ!”

ಸೀಮೆಸುಣ್ಣ ಪಟ್ಟನೆ ಮುರಿಯಿತು. ಮುಖದ ತುಂಬ ಹಾರಿದ ಬಿಳಿ ಧೂಳನ್ನು ಒರೆಸಿಕೊಳ್ಳದೆ, ಉಳಿದ ಚೂರಿನಲ್ಲೇ ಅವಳು ಮುಂದಿನ ಚುಕ್ಕಿಯನ್ನು ಇನ್ನೂ ಮೇಲಕ್ಕೆ ಇಟ್ಟಳು.